ಬೋರ್ಡಿಲ್ಲದ ಬಸ್ಸು

ಕಂಪ್ಯೂಟರ್ ಆಟಗಳ ಲೋಕದಲ್ಲಿ ನೇರಳೆ ಬಣ್ಣಕ್ಕೆ ‘ಇಲ್ಲಿ ಏನೋ ಇರಬೇಕಿತ್ತು, ಹುಡುಕಿದೆ, ಸಿಗಲಿಲ್ಲ’ ಎಂಬ ಅರ್ಥವಿದೆ. ಸ್ಕೈರಿಮ್ ಆಡಿದವರಿಗೆ ಇದು ಗೊತ್ತು. ಹೊಸ ಕವಚ ತೊಡಿಸಿದ ನಾಯಕ ಇದ್ದಕ್ಕಿದ್ದಂತೆ ಅಡಿಯಿಂದ ಮುಡಿಯವರೆಗೆ ನೇರಳೆಯಾಗಿ ನಿಂತುಬಿಡುತ್ತಾನೆ. ಬಣ್ಣವಲ್ಲ, ವಸ್ತುವಿನ ಆಕಾರವೇ ಸಿಗದಿದ್ದರೆ ಅಲ್ಲೊಂದು ದೊಡ್ಡ ಕೆಂಪು ಆಶ್ಚರ್ಯಸೂಚಕ ಚಿಹ್ನೆ ತೇಲುತ್ತದೆ. ಹಾಫ್ ಲೈಫ್ 2ರ ಗೋಡೆಗಳು, ಮೈನ್‌ಕ್ರಾಫ್ಟಿನ ಇಟ್ಟಿಗೆಗಳು ಚಿತ್ರ ಕಳೆದುಕೊಂಡರೆ ನೇರಳೆ-ಕಪ್ಪು ಚದುರಂಗದ ಹಾಸಾಗುತ್ತವೆ. ಆಟ ಕಟ್ಟಿದವರು ಈ ಬಣ್ಣವನ್ನು ಬೇಕಂತಲೇ ಆರಿಸಿಕೊಂಡರು. ಮಣ್ಣು, ಮರ, ಕಲ್ಲು, ಆಕಾಶ ಯಾವುದರಲ್ಲೂ ಅಷ್ಟು ಕಣ್ಣಿಗೆ ಹೊಡೆಯುವ ನೇರಳೆ ಇರುವುದಿಲ್ಲವಾದ್ದರಿಂದ ತಪ್ಪು ತಕ್ಷಣ ಕಾಣುತ್ತದೆ. ನೋಡಲು ಅಸಹ್ಯ ನಿಜ, ಆದರೆ ಪ್ರಾಮಾಣಿಕ ಬಣ್ಣ.

ನನ್ನ ಅಳಿಯನ ಬಸ್ಸಿಗೆ ಆದದ್ದು ನೇರಳೆಯಾಗಿದ್ದರೆ ಹತ್ತು ನಿಮಿಷದಲ್ಲಿ ಮುಗಿಯುತ್ತಿತ್ತು. ಅದು ನೇರಳೆಯಾಗಲಿಲ್ಲ. ಅದಕ್ಕೇ ಎರಡು ರಾತ್ರಿ ಹೋದವು.

ಅಳಿಯ ಅಂದರೆ ಅಕ್ಕನ ಮಗ, ಡಿಪ್ಲೊಮಾ ಎರಡನೆಯ ವರ್ಷ. ನಾನು ಚಡಚಣದಲ್ಲಿ ಝೆರಾಕ್ಸ್ ಮತ್ತು ಡಿಟಿಪಿ ಅಂಗಡಿ ಇಟ್ಟವನು. ನಮ್ಮದು ಜವಳಿಯ ಊರು, ಮದುವೆ ಬಟ್ಟೆಗೆ ಗಡಿಯಾಚೆಯಿಂದಲೂ ಮಂದಿ ಬರುತ್ತಾರೆ. ಆದ್ದರಿಂದ ನನ್ನ ಅಂಗಡಿಯಲ್ಲಿ ಲಗ್ನಪತ್ರಿಕೆ ಕನ್ನಡದಲ್ಲೂ ಆಗಬೇಕು, ಮರಾಠಿಯಲ್ಲೂ ಆಗಬೇಕು. ಹೆಸರು ಹೇಳುವಾಗ ಅಚ್ಚ ಕನ್ನಡ ಮಾತಾಡಿದ ಹಿರಿಯರು ಪತ್ರಿಕೆ ಮಾತ್ರ ದೇವನಾಗರಿಯಲ್ಲಿ ಕೇಳುತ್ತಾರೆ. ಜತ್ತ ತಾಲೂಕಿನ ಕಡೆಯವರು ಬಹಳ ಮಂದಿ ಹಾಗೆಯೇ. ಬಸ್ ಸ್ಟ್ಯಾಂಡಿನಲ್ಲಿಯೂ ಅಷ್ಟೇ, ಒಂದು ಬಸ್ಸಿನ ನೆತ್ತಿಯ ಮೇಲೆ ಕನ್ನಡ, ಪಕ್ಕದ ಬಸ್ಸಿನ ನೆತ್ತಿಯ ಮೇಲೆ ಮರಾಠಿ. ಇಲ್ಲಿ ಬೋರ್ಡು ಓದುವುದು ಒಂದು ವಿದ್ಯೆ.

ಭಾವ ಸಾರಿಗೆ ಬಸ್ಸಿನ ಚಾಲಕ. ಆಗಿದ್ದರು ಅನ್ನಬೇಕು. ಸಕ್ಕರೆ ಕಾಯಿಲೆ ಕಣ್ಣಿನ ಪರದೆಗೆ ಇಳಿಯಿತು, ಎಡಗಣ್ಣು ಬಹುತೇಕ ಹೋಯಿತು, ಬಲಗಣ್ಣಿನ ನಡುವೆ ಒಂದು ಮಸುಕು ಕೂತಿದೆ. ಎದುರಿಗಿರುವವರ ಮುಖ ನೋಡಲು ಅವರು ಸ್ವಲ್ಪ ಪಕ್ಕಕ್ಕೆ ನೋಡುತ್ತಾರೆ. ಹೊಸಬರು ತಮ್ಮನ್ನು ಕಡೆಗಣಿಸಿದರು ಅಂದುಕೊಳ್ಳುತ್ತಾರೆ. ಸ್ಟೀರಿಂಗ್ ಬಿಟ್ಟು ಒಂದೂವರೆ ವರ್ಷವಾಯಿತು. ಮನೆಯಲ್ಲಿ ಕೂತ ಚಾಲಕನಷ್ಟು ಕಷ್ಟದ ಮನುಷ್ಯ ಇನ್ನೊಬ್ಬನಿಲ್ಲ ಅಂತ ಅಕ್ಕ ಹೇಳುತ್ತಾಳೆ. ಬೆಳಿಗ್ಗೆ ಐದಕ್ಕೆ ಎದ್ದು, ಸ್ನಾನ ಮಾಡಿ, ಅಂಗಿ ಹಾಕಿಕೊಂಡು ಕಟ್ಟೆಯ ಮೇಲೆ ಕೂಡುತ್ತಾರೆ. ಎಲ್ಲಿಗೂ ಹೋಗುವುದಿಲ್ಲ. ಆ ಸೋಮವಾರ ಸೊಲ್ಲಾಪುರದಲ್ಲಿ ಬಲಗಣ್ಣಿನ ಶಸ್ತ್ರಚಿಕಿತ್ಸೆ ಇತ್ತು. ಆಮೇಲೆ ಎಷ್ಟು ಕಾಣುತ್ತದೆ ಅಂತ ಡಾಕ್ಟರು ಖಚಿತವಾಗಿ ಹೇಳಿರಲಿಲ್ಲ. ಅದಕ್ಕೆ ಮೊದಲು ಅಪ್ಪನಿಗೆ ಒಮ್ಮೆ ಬಸ್ಸು ಓಡಿಸಲು ಕೊಡಬೇಕು ಅನ್ನುವುದು ಹುಡುಗನ ಹಟ. ಅಪ್ಪನಿಗೆ ಮಗನ ಈ ಕಂಪ್ಯೂಟರ್ ಆಟದ ಹುಚ್ಚು ಎಂದೂ ಹಿಡಿಸಿರಲಿಲ್ಲ ಅನ್ನುವುದನ್ನೂ ಇಲ್ಲಿ ಸೇರಿಸಬೇಕು. ಇಬ್ಬರ ನಡುವೆ ಮಾತು ಕಡಿಮೆ.

ಆಟದ ಹೆಸರು ಯೂರೋ ಟ್ರಕ್ ಸಿಮ್ಯುಲೇಟರ್ 2. ಪ್ರಾಗ್ ನಗರದ ಎಸ್‌ಸಿಎಸ್ ಸಾಫ್ಟ್‌ವೇರ್ ಕಂಪನಿ 2012ರಲ್ಲಿ ಹೊರತಂದದ್ದು. ಯುರೋಪಿನ ರಸ್ತೆಗಳಲ್ಲಿ ಲಾರಿ ಓಡಿಸಿ ಸರಕು ಮುಟ್ಟಿಸುವುದೇ ಆಟ. ಗುಂಡು ಹಾರಿಸುವುದಿಲ್ಲ, ಯಾರನ್ನೂ ಕೊಲ್ಲುವುದಿಲ್ಲ. ಕೆಂಪು ದೀಪಕ್ಕೆ ನಿಲ್ಲಬೇಕು, ಡೀಸೆಲ್ ಹಾಕಿಸಬೇಕು, ನಿದ್ದೆ ಬಂದರೆ ಮಲಗಬೇಕು. ಇದರಲ್ಲೇನು ಮಜಾ ಎಂದು ಕೇಳುವವರು ರಾತ್ರಿ ಬಸ್ಸಿನ ಮುಂದಿನ ಸೀಟಿನಲ್ಲಿ ಎಂದೂ ಕೂತವರಲ್ಲ.

ಮೂಲ ಆಟದಲ್ಲಿ ಲಾರಿ ಇದೆ, ನಮ್ಮ ಬಸ್ಸಿಲ್ಲ. ಅದು ಬರುವುದು ‘ಮಾಡ್’ ಮೂಲಕ. ಮಾರ್ಪಾಡು ಎನ್ನುವ ಇಂಗ್ಲಿಷ್ ಪದದ ತುಂಡು, ಆದರೆ ನಮ್ಮ ‘ಮಾಡು’ ಕ್ರಿಯಾಪದಕ್ಕೆ ಎಷ್ಟು ಹತ್ತಿರ ನೋಡಿ. ಆಟ ಕಟ್ಟಿದವರಲ್ಲದ ಯಾರೋ ಕೂತು ಹೊಸ ಗಾಡಿ, ಹೊಸ ರಸ್ತೆ, ಹೊಸ ಹಾರ್ನು ಮಾಡಿ ಅದನ್ನೊಂದು ಕಡತದಲ್ಲಿ ಕಟ್ಟಿ ಹಂಚುತ್ತಾರೆ. ಇದನ್ನು ಹುಡುಗಾಟ ಅನ್ನುವಂತಿಲ್ಲ. ಕೌಂಟರ್ ಸ್ಟ್ರೈಕ್ ಮೊದಲು ಹಾಫ್ ಲೈಫ್‌ಗೆ ಇಬ್ಬರು ಹುಡುಗರು 1999ರಲ್ಲಿ ಮಾಡಿದ ಮಾಡ್ ಆಗಿತ್ತು. ಡೋಟಾ ಹುಟ್ಟಿದ್ದು ವಾರ್‌ಕ್ರಾಫ್ಟ್ 3ರ ಒಳಗೆ. ನಮ್ಮ ಕಡೆ ಈ ಹುಚ್ಚು ಹಬ್ಬಿಸಿದ್ದು ಮಾತ್ರ 2017ರಲ್ಲಿ ಬಂದ ಬಸ್ ಸಿಮ್ಯುಲೇಟರ್ ಇಂಡೋನೇಷ್ಯಾ ಎಂಬ ಮೊಬೈಲ್ ಆಟ. ಅದರ ಬಸ್ಸಿಗೆ ನಮ್ಮ ಸಾರಿಗೆ ಸಂಸ್ಥೆಗಳ ಬಣ್ಣ ಬಳಿದು ಕರ್ನಾಟಕ, ಕೇರಳದ ಹುಡುಗರು ಎಷ್ಟು ಓಡಿಸಿದ್ದಾರೋ ಲೆಕ್ಕವಿಲ್ಲ. ಜಕಾರ್ತಾದ ರಸ್ತೆಯಲ್ಲಿ ಐರಾವತ ಓಡುವುದನ್ನು ಕಾಲೇಜಿನ ಕೊನೆಯ ಬೆಂಚಿನಲ್ಲಿ ನೀವೂ ನೋಡಿರುತ್ತೀರಿ.

ಅಳಿಯ ಯಾರದೋ ಬಸ್ಸಿನ ಮಾಡ್ ತೆಗೆದುಕೊಂಡು ಅದಕ್ಕೆ ಅಪ್ಪನ ಬಸ್ಸಿನ ವೇಷ ಹಾಕಿದ. ಮೊದಲು ಬದಿಯ ಮೇಲಿನ ಹೆಸರು. ವಿಜಯಪುರ ವಿಭಾಗದ ಬಸ್ಸುಗಳು ಕಲಬುರಗಿಯ ನಿಗಮಕ್ಕೆ ಸೇರಿದವು. 2000ದಲ್ಲಿ ಆ ನಿಗಮ ಆದಾಗ ಹೆಸರು ಈಶಾನ್ಯ ಕರ್ನಾಟಕ, 2021ರಲ್ಲಿ ಕಲ್ಯಾಣ ಕರ್ನಾಟಕ. ನಮ್ಮ ಜಿಲ್ಲೆ ನೋಡಿದರೆ ಬೆಳಗಾವಿ ವಿಭಾಗದಲ್ಲಿ. ಹಾಗಾಗಿ ಕಲ್ಯಾಣ ಕರ್ನಾಟಕದ ಹೊರಗಿದ್ದೂ ‘ಕಲ್ಯಾಣ ಕರ್ನಾಟಕ’ ಎಂದು ಬರೆದ ಬಸ್ಸಿನಲ್ಲಿ ನಾವು ಓಡಾಡುತ್ತೇವೆ. ಅಪ್ಪ ಹೆಚ್ಚು ವರ್ಷ ಓಡಿಸಿದ್ದು ಹಳೆಯ ಹೆಸರಿನ ಬಸ್ಸು ಅಂತ ಹುಡುಗ ಹಳೆಯದನ್ನೇ ಬರೆದ.

ಆಮೇಲೆ ಬೋರ್ಡು. ಅದನ್ನು ಬರೆದುಕೊಡಲು ನನ್ನ ಅಂಗಡಿಗೆ ಬಂದ. ‘ಚಡಚಣ – ಝಳಕಿ ಕ್ರಾಸ್ – ವಿಜಯಪುರ’. ನಮ್ಮ ಊರಿನ ಹೆಸರನ್ನು ಅಕ್ಷರ ಜೋಡಿಸುವವನ ಕಣ್ಣಿನಿಂದ ಒಮ್ಮೆ ನೋಡಿ. ಚ, ಡ, ಚ, ಣ. ಒತ್ತಿಲ್ಲ, ಕೊಂಬಿಲ್ಲ, ದೀರ್ಘವಿಲ್ಲ. ಇಷ್ಟು ಸುಲಭದ ಊರು ಕರ್ನಾಟಕದಲ್ಲಿ ಬಹಳ ಇರಲಿಕ್ಕಿಲ್ಲ. ಎಂಥ ಕೆಟ್ಟ ಸಾಫ್ಟ್‌ವೇರ್ ಕೂಡ ಅದನ್ನು ಕೆಡಿಸಲಾರದು. ತೊಂದರೆ ಕೊಟ್ಟದ್ದು ‘ಕ್ರಾಸ್’. ಹುಡುಗ ಮನೆಯಲ್ಲಿ ಬಳಸುವ ಹಳೆಯ ಫೋಟೋಶಾಪ್‌ನಲ್ಲಿ ಯುನಿಕೋಡ್ ಕನ್ನಡ ಬರೆದರೆ ಒತ್ತಕ್ಷರ ಒಡೆದು ಕ, ಅರ್ಧಚಂದ್ರ, ರ ಬೇರೆ ಬೇರೆ ಕೂಡುತ್ತಿದ್ದವು. ನನ್ನ ಅಂಗಡಿಯಲ್ಲಿ ನುಡಿ ಇದೆ. ಅದು ಅಕ್ಷರದ ತುಂಡುಗಳನ್ನು ಹಳೆಯ ಮೊಳೆಯಚ್ಚಿನಂತೆ ಜೋಡಿಸುವುದರಿಂದ ಫೋಟೋಶಾಪ್ ತಕರಾರು ಮಾಡುವುದಿಲ್ಲ. ಹಳದಿ ಹಿನ್ನೆಲೆ, ಕಪ್ಪು ಅಕ್ಷರ, ದಪ್ಪ. ಭಾವನಿಗೆ ಕಾಣಬೇಕಲ್ಲ, ಆದ್ದರಿಂದ ನಿಜವಾದ ಬೋರ್ಡಿಗಿಂತಲೂ ದಪ್ಪ. ಆಟಕ್ಕೆ ಬೇಕಾದ ಡಿಡಿಎಸ್ ಎಂಬ ಚಿತ್ರಮಾದರಿಗೆ ಬದಲಿಸಿ ಬಸ್ಸಿನ ಮೇಲೆ ಕೂರಿಸಿದಾಗ ಇಬ್ಬರಿಗೂ ಖುಷಿಯಾಯಿತು. ಝಳಕಿ ಕ್ರಾಸಿಗೆ ಹೋಗುವ ಬಸ್ಸು ಮಿಲಾನಿನ ಹೊರವಲಯದಲ್ಲಿ ನಿಂತಿತ್ತು.

ಗುರುವಾರ ಸಂಜೆ ಅಂಗಡಿಯ ಕಂಪ್ಯೂಟರಿನಲ್ಲಿ ನೋಡಿದಾಗ ಬೋರ್ಡು ಸರಿಯಾಗಿತ್ತು. ಶುಕ್ರವಾರ ರಾತ್ರಿ ಅವರ ಮನೆಯಲ್ಲಿ 32 ಇಂಚಿನ ಟಿವಿಗೆ ತಂತಿ ಜೋಡಿಸಿ, ಭಾವನನ್ನು ಕರೆದು ಕೂರಿಸಿ, ಎರಡನೆಯ ಗುಂಡಿ ಒತ್ತಿ ಬಸ್ಸನ್ನು ಹೊರಗಿನಿಂದ ತೋರಿಸಿದಾಗ ನೆತ್ತಿ ಖಾಲಿ. ಬಸ್ಸಿದೆ, ಗಾಜಿದೆ, ಗಾಜಿನ ಮೇಲೆ ಬೋರ್ಡಿನ ಜಾಗವಿದೆ, ಬೋರ್ಡಿಲ್ಲ. ಭಾವ ತಲೆ ಓರೆ ಮಾಡಿ ಸ್ವಲ್ಪ ಹೊತ್ತು ನೋಡಿದರು.

“ಬೋರ್ಡ ಎಲ್ಲೈತೋ?”

“ಬರ್ತೈತಿ ತಡೀಪಾ, ಏನೋ ಆಗೇತಿ” ಅಂದ ಹುಡುಗ.

“ಬೋರ್ಡ ಇಲ್ಲದ್ದು ಡಿಪೋಕ್ಕ ಹೋಗೂ ಗಾಡಿ. ಅದಕ್ಕ ಮಂದಿ ಕೈ ಮಾಡಂಗಿಲ್ಲ.” ಇಷ್ಟೇ ಅಂದು ಎದ್ದು ಊಟಕ್ಕೆ ಹೋದರು. ಸಿಟ್ಟಿನಿಂದಲ್ಲ, ಇದ್ದದ್ದನ್ನು ಹೇಳಿದಂತೆ. ಹುಡುಗನ ಮುಖ ನೋಡಲಾಗಲಿಲ್ಲ.

ಅವತ್ತು ರಾತ್ರಿ ಇಬ್ಬರೂ ಕೂತೆವು. ಈ ಆಟ ಪ್ರತಿ ಸಲ ಶುರುವಾದಾಗಲೂ ತನ್ನ ದಿನಚರಿಯನ್ನು ಒಂದು ಸಾದಾ ಪಠ್ಯ ಕಡತದಲ್ಲಿ ಬರೆದಿಡುತ್ತದೆ. ಡಾಕ್ಯುಮೆಂಟ್ಸ್ ಒಳಗೆ ಆಟದ ಹೆಸರಿನ ಫೋಲ್ಡರಿನಲ್ಲಿ ಅದು ಸಿಗುತ್ತದೆ, ಹೆಸರು ಗೇಮ್ ಲಾಗ್. ಯಾವ ಕಡತ ತೆರೆಯಲಾಗಲಿಲ್ಲವೋ ಅದನ್ನು ‘ಎರರ್’ ಎಂಬ ತಲೆಪಟ್ಟಿಯೊಂದಿಗೆ ವಿಳಾಸಸಮೇತ ಬರೆದಿರುತ್ತದೆ. ಮತ್ತೆ ಆಟ ಶುರುಮಾಡಿದರೆ ಹಳೆಯ ದಿನಚರಿ ಅಳಿಸಿ ಹೊಸದು ಬರುತ್ತದೆಯಾದ್ದರಿಂದ ಮೊದಲು ಅದರ ಪ್ರತಿ ತೆಗೆದಿಟ್ಟುಕೊಳ್ಳಬೇಕು. ಏನಾದರೂ ಕಾಣೆಯಾದರೆ ಮೊದಲು ನೋಡಬೇಕಾದದ್ದು ಅದನ್ನೇ. ನೋಡಿದೆವು. ಬೇರೆ ಏನೇನೋ ದೂರುಗಳಿದ್ದವು. ಯಾವುದೋ ಹಾರ್ನಿನ ಸದ್ದು ಸಿಕ್ಕಿಲ್ಲ, ಯಾವುದೋ ಚಕ್ರದ ನೆರಳು ಹಳೆಯ ಮಾದರಿಯದು. ಬೋರ್ಡಿನ ಬಗ್ಗೆ ಒಂದು ಸಾಲೂ ಇಲ್ಲ. ಆಟದ ಲೆಕ್ಕದಲ್ಲಿ ಬೋರ್ಡು ಕಳೆದುಹೋಗಿಯೇ ಇರಲಿಲ್ಲ!

ಇದು ನನಗೆ ತಲೆಕೆಡಿಸಿತು. ಕಳೆದದ್ದನ್ನು ಹುಡುಕುವುದು ಬೇರೆ, ಕಳೆದಿಲ್ಲ ಎಂದು ದಾಖಲೆಯಲ್ಲಿರುವುದನ್ನು ಹುಡುಕುವುದು ಬೇರೆ. ಅಂಗಡಿಯಲ್ಲಿ ಪಹಣಿ ತೆಗೆಸಲು ಬರುವ ರೈತರಲ್ಲಿ ಈ ಎರಡನೆಯ ಜಾತಿಯ ಕಷ್ಟ ದಿನವೂ ನೋಡುತ್ತೇನೆ. ಹೊಲ ಇದೆ, ಉತಾರೆಯೂ ಇದೆ, ಅದರಲ್ಲಿ ಹೆಸರು ಇನ್ನೊಬ್ಬರದು.

ಹುಡುಗ ತನ್ನ ಬಸ್ಸಿನ ಕಡತವನ್ನೇ ಹಾಳಾಗಿದೆಯೆಂದು ಅನುಮಾನಿಸಿ ಎರಡು ಸಲ ಹೊಸದಾಗಿ ಕಟ್ಟಿದ. ಬೋರ್ಡಿನ ಚಿತ್ರ ತೆರೆದು ನೋಡಿದೆವು, ಸರಿಯಾಗಿತ್ತು. ಆಟದ ಚಿತ್ರದ ಗುಣಮಟ್ಟ ಏರಿಸಿ ಇಳಿಸಿ ನೋಡಿದೆವು. ಒಂದೂವರೆಗೆ ಕರೆಂಟು ಹೋಯಿತು, ಮಲಗಿದೆವು.

ಶನಿವಾರ ಅಂಗಡಿ ಮುಚ್ಚಿ ಹೋದಾಗ ನಾನು ಕೇಳಿದ ಮೊದಲ ಪ್ರಶ್ನೆ, ನನ್ನ ಅಂಗಡಿಯ ಕಂಪ್ಯೂಟರಿನಲ್ಲಿ ಕಂಡ ಬೋರ್ಡು ಇಲ್ಲಿ ಯಾಕೆ ಕಾಣುತ್ತಿಲ್ಲ? ಅಲ್ಲಿ ಇದ್ದದ್ದು ಈ ಬಸ್ಸೊಂದೇ. ಇಲ್ಲಿ ಅವನ ಪಟ್ಟಿಯಲ್ಲಿ 27 ಮಾಡ್‌ಗಳಿದ್ದವು. ಭಾರತದ ಲಾರಿ, ಮಳೆಯ ಸದ್ದು, ಡಾಬಾದ ಫಲಕ, ಆಟೋರಿಕ್ಷಾ, ಎತ್ತಿನ ಗಾಡಿ ಕೂಡ. ಮದುವೆ ಮನೆಯಲ್ಲಿ ಚಪ್ಪಲಿ ಕಳೆದರೆ ಬಂದ ನೆಂಟರನ್ನೆಲ್ಲ ಸಾಲಾಗಿ ನಿಲ್ಲಿಸಿ ಕೇಳಲಾಗದು. ಆದರೆ ಇಲ್ಲಿ ಕೇಳಬಹುದು. ಬಸ್ಸನ್ನು ಹಾಗೇ ಇಟ್ಟುಕೊಂಡು ಉಳಿದ 26ರಲ್ಲಿ ಅರ್ಧ ತೆಗೆಯಬೇಕು. ಬೋರ್ಡು ಬಂದರೆ ಕಳ್ಳ ತೆಗೆದ 13ರಲ್ಲಿದ್ದಾನೆ, ಬರದಿದ್ದರೆ ಉಳಿದ 13ರಲ್ಲಿ. ಆ 13ನ್ನು ಮತ್ತೆ ಒಡೆಯಬೇಕು. ಒಂದೊಂದಾಗಿ ತೆಗೆಯುತ್ತ ಹೋದರೆ 26 ಸಲ ಆಟ ತೆರೆಯಬೇಕಾಗುತ್ತಿತ್ತು, ಒಡೆಯುತ್ತ ಹೋದರೆ ಹೆಚ್ಚೆಂದರೆ ಐದು ಸಲ. ಅವನ ಕಂಪ್ಯೂಟರು ಹಳೆಯದು, ಆಟ ತೆರೆಯಲು ನಾಲ್ಕು ನಿಮಿಷ, ಮುಚ್ಚಲು ಎರಡು. ಐದೇ ಸಲವೆಂದರೆ ಅದು ಸಣ್ಣ ಮಾತಲ್ಲ. ಅಕ್ಕ ಅವಲಕ್ಕಿ ತಂದಿಟ್ಟಳು. ಭಾವ ಕಟ್ಟೆಯ ಮೇಲೆ ರೇಡಿಯೋ ಹಚ್ಚಿಕೊಂಡು ಕೂತಿದ್ದರು. ಒಳಗೆ ಏನು ನಡೆದಿದೆ ಎಂದು ಒಮ್ಮೆಯೂ ಕೇಳಲಿಲ್ಲ. ಆದರೆ ರೇಡಿಯೋದ ಸದ್ದು ಕಡಿಮೆ ಮಾಡಿದ್ದರು.

ಐದನೆಯ ಸಲಕ್ಕೆ ಸಿಕ್ಕಿತು. ಗೆಳೆಯನೊಬ್ಬನ ಪೆನ್ ಡ್ರೈವಿನಿಂದ ಅದೇ ವಾರ ಬಂದ ಸ್ಲೀಪರ್ ಬಸ್ಸು.

ಅದು ಇನ್ನೊಂದು ಬಸ್ಸು, ತನ್ನ ಪಾಡಿಗೆ ತಾನಿದೆ. ಹುಡುಗ ಅದನ್ನು ಓಡಿಸುತ್ತಲೂ ಇಲ್ಲ. ಅದು ಇವನ ಬಸ್ಸಿನ ಬೋರ್ಡನ್ನು ಹೇಗೆ ಕದಿಯುತ್ತದೆ? ಎರಡೂ ಕಡತಗಳನ್ನು ಬಿಚ್ಚಿ ಪಕ್ಕಪಕ್ಕ ಇಟ್ಟು ನೋಡಿದಾಗ ತಿಳಿಯಿತು. ಈ ಎರಡೂ ಮೂಲತಃ ಒಂದೇ ಬಸ್ಸಿನ ಮರಿಗಳು. ಯಾರೋ ಎಂದೋ ಮಾಡಿದ ಬಸ್ಸನ್ನು ಇಬ್ಬರು ಬೇರೆ ಬೇರೆ ಊರಿನ ಹುಡುಗರು ತೆಗೆದುಕೊಂಡು ತಮ್ಮ ತಮ್ಮ ರುಚಿಗೆ ತಿದ್ದಿದ್ದಾರೆ. ಬಣ್ಣ ತಿದ್ದಿದ್ದಾರೆ, ಸೀಟು ತಿದ್ದಿದ್ದಾರೆ, ಆದರೆ ಒಳಗಿನ ಫೋಲ್ಡರುಗಳ ಹೆಸರನ್ನು ಮುಟ್ಟಿಲ್ಲ. ಹೀಗಾಗಿ ಬೋರ್ಡಿನ ಚಿತ್ರದ ವಿಳಾಸ ಎರಡರಲ್ಲೂ ಅಕ್ಷರ ಅಕ್ಷರಕ್ಕೆ ಒಂದೇ. ಆಟಕ್ಕೆ ಯಾವ ಚಿತ್ರ ಯಾವ ಬಸ್ಸಿನದು ಅನ್ನುವುದು ತಿಳಿಯದು, ಅದಕ್ಕೆ ತಿಳಿಯುವುದು ವಿಳಾಸ ಮಾತ್ರ. ಒಂದೇ ವಿಳಾಸಕ್ಕೆ ಇಬ್ಬರು ಬಂದರೆ ಮಾಡ್‌ಗಳ ಪಟ್ಟಿಯಲ್ಲಿ ಯಾರು ಮೇಲಿದ್ದಾರೋ ಅವರದೇ ಮಾತು. ಹಿಂದೆ ಪಟ್ಟಿಯೂ ಇರಲಿಲ್ಲ, ಕಡತದ ಹೆಸರಿನ ಅಕಾರಾದಿಯೇ ಲೆಕ್ಕ. ಆಗ ತಮ್ಮದೇ ಗೆಲ್ಲಲಿ ಎಂದು ಮಾಡ್ ಕರ್ತರು ಹೆಸರಿನ ಮುಂದೆ ನಾಲ್ಕೈದು ‘ಝಡ್’ ಹಚ್ಚುತ್ತಿದ್ದರು.

ಸ್ಲೀಪರ್ ಬಸ್ಸು ಮಾಡಿದವನು ತನ್ನ ಬಸ್ಸಿಗೆ ಮಿನುಗುವ ಎಲ್‌ಇಡಿ ಬೋರ್ಡು ಕೂರಿಸಿದ್ದ. ಹಳೆಯ ಬೋರ್ಡು ಅವನಿಗೆ ಬೇಡ. ತೆಗೆದುಹಾಕುವುದು ಕಷ್ಟದ ಕೆಲಸ, ಆದ್ದರಿಂದ ಸುಲಭದ ದಾರಿ ಹಿಡಿದು ಆ ಬೋರ್ಡಿನ ಚಿತ್ರವನ್ನು ಪೂರ್ತಿ ಪಾರದರ್ಶಕ ಮಾಡಿ ಬಿಟ್ಟಿದ್ದ. ಗಾಜಿನಂತೆ. ಚಿತ್ರ ಇದೆ, ಅದರಲ್ಲಿ ಏನೂ ಇಲ್ಲ. ಆಟ ಹೋಗಿ ಬೋರ್ಡು ಕೇಳಿತು, ಪಟ್ಟಿಯ ಮೇಲಿದ್ದ ಸ್ಲೀಪರ್ ಬಸ್ಸು ತನ್ನ ಖಾಲಿ ಬೋರ್ಡು ಕೊಟ್ಟಿತು, ಆಟ ಅದನ್ನು ಅಚ್ಚುಕಟ್ಟಾಗಿ ಅಪ್ಪನ ಬಸ್ಸಿನ ನೆತ್ತಿಗೆ ಅಂಟಿಸಿತು. ಏನೂ ಕಾಣೆಯಾಗಿಲ್ಲ, ಹಾಗಾಗಿ ನೇರಳೆಯಿಲ್ಲ, ದೂರಿಲ್ಲ. ಅವನ ತಪ್ಪು ಎನ್ನಲೂ ಆಗದು. ಅವನ ಬಸ್ಸಿನ ಮಟ್ಟಿಗೆ ಅವನ ಕೆಲಸ ಸರಿಯಾಗಿಯೇ ಇದೆ.

ಇಲ್ಲಿ ನಮ್ಮ ಪಕ್ಕದ ಹಲಸಂಗಿ ನೆನಪಾಯಿತು. ಮಧುರಚೆನ್ನ, ನಮ್ಮೂರಿನ ಸಿಂಪಿ ಲಿಂಗಣ್ಣ, ಅವರ ಗೆಳೆಯರು ಬೀಸುವ ಕಲ್ಲಿನ ಮುಂದೆ ಕೂತು ಹಾಡು ಬರೆದುಕೊಂಡ ಕಾಲ. 1931ರಲ್ಲಿ ‘ಗರತಿಯ ಹಾಡು’ ಅಚ್ಚಾಯಿತು. ಜನಪದ ಹಾಡು ಬರೆದುಕೊಂಡವರಿಗೆಲ್ಲ ಗೊತ್ತಿರುವ ತೊಡಕೊಂದಿದೆ, ಒಂದೇ ತ್ರಿಪದಿಯನ್ನು ಈ ಊರಿನ ಮುದುಕಿ ಒಂದು ಬಗೆ ಹಾಡುತ್ತಾಳೆ, ಹೊಳೆಯಾಚೆಯವಳು ಇನ್ನೊಂದು ಬಗೆ. ಪುಸ್ತಕದಲ್ಲಿ ಜಾಗ ಒಂದೇ. ಮೇಲೆ ಬಂದದ್ದು ಉಳಿಯುತ್ತದೆ, ಇನ್ನೊಂದು ಇತ್ತು ಅನ್ನುವ ಸುಳಿವೂ ಓದುಗನಿಗೆ ಸಿಗುವುದಿಲ್ಲ. ಪಾಠಾಂತರ ಅಂತ ಅಡಿಯಲ್ಲಿ ಕೊಡಬಹುದು, ಆಟಕ್ಕೆ ಆ ಸೌಲಭ್ಯವಿಲ್ಲ. ಈ ಹೋಲಿಕೆ ಅಳಿಯನಿಗೆ ಹೇಳಿದೆ. “ಮಾಮಾ, ಈಗ ರಾತ್ರಿ ಹನ್ನೆರಡ ಆಗೇತಿ” ಅಂದ.

ಸುಲಭದ ಪರಿಹಾರ, ಅಪ್ಪನ ಬಸ್ಸನ್ನು ಪಟ್ಟಿಯಲ್ಲಿ ಮೇಲಕ್ಕೆ ಎತ್ತುವುದು. ಎತ್ತಿದೆವು. ಬೋರ್ಡು ಬಂತು. ಆದರೆ ಈಗ ಸ್ಲೀಪರ್ ಬಸ್ಸಿನ ಎಲ್‌ಇಡಿಯ ಮೇಲೆ ‘ಚಡಚಣ – ಝಳಕಿ ಕ್ರಾಸ್ – ವಿಜಯಪುರ’ ಎಂದು ಹಳದಿ ಬೋರ್ಡು ಕೂತಿತು. ನಾನು ಸಾಕೆಂದೆ. ಹುಡುಗ ಒಪ್ಪಲಿಲ್ಲ. ಗೆಳೆಯನ ಬಸ್ಸು ಕೆಡಿಸಿ ನಮ್ಮದು ಸರಿ ಮಾಡಿಕೊಂಡರೆ ಅದು ರಿಪೇರಿಯಲ್ಲ, ಜಗಳ ಗೆದ್ದದ್ದು ಅಷ್ಟೇ ಅಂದ. ಅಲ್ಲದೆ ನಾಳೆ ಇನ್ನೊಂದು ಮಾಡ್ ಮೇಲೆ ಬಂದು ಕೂತರೆ ಮತ್ತೆ ಇದೇ ಕಥೆ. ಮಾತು ಸರಿಯಾಗಿತ್ತು.

ಭಾನುವಾರ ಮಧ್ಯಾಹ್ನದಿಂದ ಸರಿಯಾದ ಕೆಲಸ ಶುರುವಾಯಿತು. ಬಸ್ಸಿನ ಮೇಲೆ ಒಂದು ಚಿತ್ರ ಕಾಣಬೇಕಾದರೆ ಮೂರು ಕೈ ದಾಟಬೇಕು. ಬೋರ್ಡಿನ ತಗಡು ಹೇಗೆ ಹೊಳೆಯಬೇಕೆಂದು ಹೇಳುವ ಮ್ಯಾಟ್ ಕಡತ, ಅದು ತೋರಿಸುವ ಟಿ-ಆಬ್ಜ್ ಎಂಬ ಚೀಟಿ, ಆ ಚೀಟಿ ತೋರಿಸುವ ಡಿಡಿಎಸ್ ಚಿತ್ರ. ಮ್ಯಾಟ್ ಕಡತದ ಹೆಸರು ಅದೃಷ್ಟಕ್ಕೆ ಎರಡು ಬಸ್ಸಿಗೂ ಬೇರೆ ಇತ್ತು. ಡಿಕ್ಕಿ ಹೊಡೆಯುತ್ತಿದ್ದದ್ದು ಕೊನೆಯ ಎರಡು. ಚಿತ್ರದ ಹೆಸರು ಬದಲಿಸುವುದು ಸುಲಭ. ಮ್ಯಾಟ್ ಸಾದಾ ಪಠ್ಯ, ನೋಟ್‌ಪ್ಯಾಡಿನಲ್ಲಿ ತೆರೆದು ತಿದ್ದಬಹುದು. ನಡುವಿನ ಚೀಟಿ ಮಾತ್ರ ಪಠ್ಯವಲ್ಲ, ಯಂತ್ರದ ಭಾಷೆಯದು. ಅದರೊಳಗೆ ಚಿತ್ರದ ವಿಳಾಸವೂ, ವಿಳಾಸ ಎಷ್ಟು ಅಕ್ಷರ ಉದ್ದ ಎಂಬ ಸಂಖ್ಯೆಯೂ ಇರುತ್ತವೆ. ಅಕ್ಷರ ಒಂದು ಹೆಚ್ಚಾದರೆ ಸಂಖ್ಯೆ ಸುಳ್ಳಾಗುತ್ತದೆ, ಚೀಟಿ ಕೆಡುತ್ತದೆ. ಆದ್ದರಿಂದ ಉದ್ದ ಬದಲಾಗದಂತೆ ಒಂದೇ ಅಕ್ಷರವನ್ನು ಇನ್ನೊಂದು ಅಕ್ಷರಕ್ಕೆ ಬದಲಿಸಬೇಕು. ಛಂದಸ್ಸು ಕಲಿತವರಿಗೆ ಇದು ಹೊಸದಲ್ಲ, ಮಾತ್ರೆ ಕೆಡದಂತೆ ಪದ ಬದಲಿಸಿದ ಹಾಗೆ. ಹೆಕ್ಸ್ ಎಡಿಟರ್ ಎಂಬ ಸಾಧನದಲ್ಲಿ ಚೀಟಿ ತೆರೆದು ಹುಡುಗ ಒಂದು ಅಕ್ಷರ ತೆಗೆದು ಅಲ್ಲಿ ‘ಸಿ’ ಇಟ್ಟ. ಚಡಚಣದ ‘ಸಿ’. ಚೀಟಿಗೂ ಚಿತ್ರಕ್ಕೂ ಅದೇ ಹೆಸರು ಕೊಟ್ಟ. ಮ್ಯಾಟ್‌ನಲ್ಲಿ ಒಂದು ಸಾಲು ತಿದ್ದಿದ. ಮತ್ತೆ ಕಡತ ಕಟ್ಟಿ, ಸ್ಲೀಪರ್ ಬಸ್ಸನ್ನು ಬೇಕಂತಲೇ ಪಟ್ಟಿಯ ತುತ್ತತುದಿಗೆ ಇಟ್ಟು ಆಟ ತೆರೆದ. ಬೋರ್ಡು ಅಲ್ಲೇ ಇತ್ತು. ಸ್ಲೀಪರ್ ಬಸ್ಸಿನ ಎಲ್‌ಇಡಿಯೂ ಅದರ ಪಾಡಿಗೆ ಮಿನುಗುತ್ತಿತ್ತು.

ಸಂಜೆ ಭಾವನನ್ನು ಎರಡನೆಯ ಸಲ ಕರೆಯಲು ಹುಡುಗನಿಗೆ ಧೈರ್ಯವಾಗಲಿಲ್ಲ. ನಾನೇ ಕರೆದೆ. ಟಿವಿಯಿಂದ ಮೂರು ಅಡಿ ದೂರದಲ್ಲಿ ಕುರ್ಚಿ ಹಾಕಿದೆವು. ಅವರು ಮುಖ ಓರೆ ಮಾಡಿ ಬೋರ್ಡಿನ ಕಡೆ ನೋಡಿದರು. ತುಟಿ ಅಲುಗಿತು, ಓದುತ್ತಿದ್ದರು. “ಲೋಣಿ ಯಾಕ ಬರೆದಿಲ್ಲ?” ಅಂದರು. ಜಾಗ ಸಾಲಲಿಲ್ಲ ಎಂದು ನಾನು ಹೇಳುವಷ್ಟರಲ್ಲಿ ಕುರ್ಚಿ ಮುಂದೆಳೆದುಕೊಂಡರು.

ಹುಡುಗ ಬಸ್ಸನ್ನು ಇಂಗ್ಲೆಂಡಿಗೆ ಒಯ್ದಿಟ್ಟಿದ್ದ. ಯುರೋಪಿನ ಬಹುತೇಕ ಕಡೆ ರಸ್ತೆಯ ಬಲಕ್ಕೆ ಓಡಿಸಬೇಕು, ಬ್ರಿಟನ್ನಿನಲ್ಲಿ ನಮ್ಮಂತೆ ಎಡಕ್ಕೆ. ಅಪ್ಪನಿಗೆ ಈ ವಯಸ್ಸಿನಲ್ಲಿ ಪಕ್ಕ ಬದಲಿಸುವ ಕಷ್ಟ ಬೇಡ ಅಂತ. ಸ್ಟೀರಿಂಗ್ ಇರಲಿಲ್ಲ, ಕೀಲಿಮಣೆಯ ಬಾಣದ ಗುಂಡಿಗಳೇ. ಮೊದಲ ಹತ್ತು ನಿಮಿಷ ಬಸ್ಸು ಹಾವಿನಂತೆ ಹರಿಯಿತು, ಒಂದು ಬೇಲಿಗೂ ತಾಗಿತು. ಆಮೇಲೆ ನಿಧಾನವಾಗಿ ನೇರವಾಯಿತು. ರಸ್ತೆಯ ನಡುವಿನ ಗೆರೆ ಅವರಿಗೆ ಕಾಣುತ್ತಿತ್ತೋ ಇಲ್ಲವೋ, ಕೇಳಲಿಲ್ಲ. “ಮುಂದ ತಿರುವು ಐತಿ”, “ಬಲಕ್ಕ ಲಾರಿ ಬಂತು” ಅಂತ ಹುಡುಗ ಪಕ್ಕದಲ್ಲಿ ನಿಂತು ಹೇಳುತ್ತಿದ್ದ, ಅವರು ಹೂಂ ಅನ್ನುತ್ತಿದ್ದರು. ನಾನು ಆ ಮನೆಯಲ್ಲಿ ಆ ಅಪ್ಪ ಮಗ ಅಷ್ಟು ಹೊತ್ತು ಮಾತಾಡಿದ್ದು ಕೇಳಿರಲಿಲ್ಲ. ಕಾರ್ಡಿಫ್ ಸಮೀಪ ರಸ್ತೆಬದಿಯ ನಿಲ್ದಾಣವೊಂದು ಕಂಡಾಗ ಯಾರೂ ಹೇಳದೆಯೇ ಬಸ್ಸು ನಿಲ್ಲಿಸಿದರು. ಯಾರೂ ಹತ್ತಲಿಲ್ಲ, ಆಟದಲ್ಲಿ ಅದಕ್ಕೆ ಅವಕಾಶವಿಲ್ಲ. ಆದರೂ ಹತ್ತುವಷ್ಟು ಹೊತ್ತು ನಿಂತು, ಕನ್ನಡಿಯ ಕಡೆ ತಿರುಗಿ, ಆಮೇಲೆ ಹೊರಟರು.

“ಕನ್ನಡಿ ಭಾಳ ಸಣ್ಣದು. ಹಿಂದಿಂದು ಏನೂ ಕಾಣಂಗಿಲ್ಲ.”

“ದೊಡ್ಡ ಕನ್ನಡೀದು ಒಂದ ಮಾಡ್ ಐತಿ, ಈಗ ಹಾಕ್ತೀನಿ” ಎಂದು ಹುಡುಗ ಫೋನು ಎತ್ತಿಕೊಂಡ.

“ಅದನ್ನ ಪಟ್ಟಿಯೊಳಗ ಬಸ್ಸಿನ ಮ್ಯಾಲ ಇಡಾವೋ ಕೆಳಗ ಇಡಾವೋ, ಮೊದಲ ಅದನ್ನ ಹೇಳು” ಅಂದೆ.